ಹೋಂ ನರ್ಸ್ ಎಲ್ಲಿ ಸಿಗುತ್ತಾರೆ? ಶಿರಸಿ ಸೀಮೆಯ ಒಂದು ಮನೆಯ ಪ್ರಕರಣ

2024ರ ಆಗಸ್ಟ್ ಕೊನೆ. ಚೌತಿಗೆ ಇನ್ನು ಹತ್ತು-ಹನ್ನೆರಡು ದಿನ ಇತ್ತು. ಬಚ್ಚಲಿಗೆ ಹೋಗುವ ಮೆಟ್ಟಿಲ ಮೇಲೆ ಪಾಚಿ ಕಟ್ಟಿತ್ತು, ಆಯಿ (ನನ್ನ ಅಮ್ಮ) ಜಾರಿ ಬಿದ್ದಳು. ವಯಸ್ಸು 79, ತೂಕ 64 ಕೆಜಿ, ಸಕ್ಕರೆ ಕಾಯಿಲೆ ಹದಿನೈದು ವರ್ಷದಿಂದ ಇದೆ. ಬಲ ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ವಯಸ್ಸು, ತೂಕ ಎಲ್ಲ ಬರೆಯುತ್ತಿದ್ದೇನೆ ಅಂದರೆ ಕಾರಣವಿದೆ. ಮುಂದಿನ ದಿನಗಳಲ್ಲಿ ಫೋನ್ ಎತ್ತಿದವರೆಲ್ಲ ಮೊದಲು ಕೇಳಿದ್ದು ಅದನ್ನೇ, ಅದರಲ್ಲೂ ತೂಕವನ್ನು.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಹೇಳಿದ್ದು ಇಷ್ಟು: ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ, ಕಾಲ ಮೇಲೆ ಕಾಲು ಹಾಕುವಂತಿಲ್ಲ, ಮಲಗಿದಾಗ ನಡುವೆ ದಿಂಬು ಇರಬೇಕು, ಮಣೆ ಮೇಲೆ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ಬಂದ್. "ಮೂರು ತಿಂಗಳು ಒಬ್ಬ ಅಟೆಂಡರ್ ಇಟ್ಕೊಳ್ಳಿ, ಒಂದು ವಾಕರ್ ತಗೊಳ್ಳಿ." ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ವಾಕರ್ ಎದುರಿನ ಮೆಡಿಕಲ್ ಶಾಪಿನಲ್ಲೇ ಸಿಕ್ಕಿತು.

ಅಟೆಂಡರ್ ಸಿಗಲು 17 ದಿನ, 23 ಫೋನು ಬೇಕಾಯಿತು. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವನು, ಏನೇ ಆದರೂ ಡೈರಿಗೆ ಹಾಕುವ ಚಟ. ಈ ಪ್ರಕರಣ ಬರೆಯುತ್ತಿರುವುದು ಆ ಡೈರಿ ಇಟ್ಟುಕೊಂಡೇ. ಆ 17 ದಿನ ಆಯಿಯನ್ನು ಮಗ್ಗುಲು ಬದಲಿಸಿದ್ದು ನಾನು ಮತ್ತು ನನ್ನ ಹೆಂಡತಿ. ಅವಳಿಗೆ ಮೊದಲೇ ಬೆನ್ನಿನ ಡಿಸ್ಕ್ ತೊಂದರೆ. ನಮ್ಮ ಕೇರಿಯಲ್ಲಿ ಆರು ಮನೆ, ನಾಲ್ಕರಲ್ಲಿ ಐವತ್ತರ ಕೆಳಗಿನವರು ಒಬ್ಬರೂ ಇಲ್ಲ. ಎತ್ತಲು ಕರೆದರೆ ಬರುವವರೂ ಎತ್ತಿಸಿಕೊಳ್ಳುವ ವಯಸ್ಸಿನವರೇ.

ಹೆಸರೇ ಗೊಂದಲ

ಮೊದಲ ಫೋನು ಮಾಡಿದ್ದು ತಾಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದ, ಗುರುತಿನ ಒಬ್ಬ ಸಿಸ್ಟರಿಗೆ. "ಯಾರಾದರೂ ನರ್ಸ್ ಇದ್ದರೆ ಹೇಳಿ ಸಿಸ್ಟರ್" ಅಂದೆ. ಅವರು ನಕ್ಕರು. "ನಿಮಗೆ ಬೇಕಾಗಿರೋದು ನರ್ಸ್ ಅಲ್ಲ. ಇಂಜೆಕ್ಷನ್ ಇಲ್ಲ, ಡ್ರಿಪ್ ಇಲ್ಲ. ಎತ್ತೋರು, ತೊಳೆಯೋರು, ನಡೆಸೋರು ಬೇಕು."

ಆಮೇಲೆ ನನಗೆ ಅರ್ಥವಾದದ್ದು: ನರ್ಸ್ ಅಂದರೆ ಎಎನ್‌ಎಂ (ಸಹಾಯಕ ನರ್ಸ್ ಕೋರ್ಸ್) ಎರಡು ವರ್ಷ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೂರು ವರ್ಷ, ಇಲ್ಲವೇ ಬಿಎಸ್ಸಿ ನಾಲ್ಕು ವರ್ಷ ಓದಿ, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡವರು. ನಮಗೆ ಬೇಕಾದವರಿಗೆ ಆ ಪುಸ್ತಕದಲ್ಲಿ ಪುಟವೇ ಇಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಅವರು ಆಯಾ, ವಾರ್ಡ್ ಬಾಯ್. ಸರ್ಕಾರಿ ಕಾಗದದಲ್ಲಿ ಡಿ ಗ್ರೂಪ್. ಕೌಶಲ್ಯ ತರಬೇತಿಯ ಸರ್ಟಿಫಿಕೇಟಿನಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್. ಏಜೆನ್ಸಿಯ ಬೋರ್ಡಿನಲ್ಲಿ ಹೋಂ ನರ್ಸ್. ಒಂದೇ ಕೆಲಸಕ್ಕೆ ಇಷ್ಟು ಹೆಸರಿದ್ದರೆ ಜಿಲ್ಲೆಯಲ್ಲಿ ಅಂಥವರು ಎಷ್ಟು ಜನ ಇದ್ದಾರೆ ಅಂತ ಎಣಿಸುವುದು ಹೇಗೆ? ಎಣಿಸಿಲ್ಲದ್ದನ್ನು ಹುಡುಕುವುದು ಪರಿಚಯದವರ ಬಾಯಿಂದ ಬಾಯಿಗೆ ಮಾತ್ರ.

ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ವಾರಕ್ಕೊಮ್ಮೆ ವಿಡಿಯೊ ಕಾಲಿನಲ್ಲಿ ಅಜ್ಜಿಯನ್ನು ನೋಡುವಾಗ ಅಲ್ಲಿಯ ಕಥೆ ಹೇಳಿದ. ಅಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಅನ್ನುವುದು ಗುರುತಿರುವ ಹುದ್ದೆ. 1987ರ ಒಂದು ಕಾನೂನಿನ ಪ್ರಕಾರ, ಸರ್ಕಾರದ ಹಣ ಪಡೆಯುವ ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡಬೇಕಾದರೆ ಕನಿಷ್ಠ 75 ಗಂಟೆಯ ತರಬೇತಿ, ಒಂದು ಪರೀಕ್ಷೆ, ರಾಜ್ಯದ ಪಟ್ಟಿಯಲ್ಲಿ ಹೆಸರು ಬೇಕು. ಕ್ಯಾಲಿಫೋರ್ನಿಯಾದಂಥ ರಾಜ್ಯ 160 ಗಂಟೆ ಕೇಳುತ್ತದೆ. ಇಡೀ ದೇಶದಲ್ಲಿ ಸುಮಾರು 14 ಲಕ್ಷ ಜನ. ಅವರಲ್ಲಿ ಮೂರರಲ್ಲೊಂದು ಪಾಲು ನರ್ಸಿಂಗ್ ಹೋಮುಗಳಲ್ಲಿ, ಹೆಚ್ಚುಕಡಿಮೆ ಅಷ್ಟೇ ಪಾಲು ಆಸ್ಪತ್ರೆಗಳಲ್ಲಿ. (ಅಲ್ಲಿ ನರ್ಸಿಂಗ್ ಹೋಂ ಅಂದರೆ ವಯಸ್ಸಾದವರು ಇರುವ ಆರೈಕೆ ಮನೆ, ನಮ್ಮ ಹಾಗೆ ಸಣ್ಣ ಖಾಸಗಿ ಆಸ್ಪತ್ರೆ ಅಲ್ಲ. ಇದು ನನಗೆ ಗೊತ್ತಾಗಲು ಎರಡು ವಾರ ಬೇಕಾಯಿತು.) ಪಟ್ಟಿ ಇದ್ದರೂ ಅಲ್ಲಿಯ ಹಳ್ಳಿಗಾಡಿನಲ್ಲಿ ಕೆಲಸದವರು ಸಿಗದೆ ನರ್ಸಿಂಗ್ ಹೋಮುಗಳು ಬಾಗಿಲು ಹಾಕುತ್ತಿವೆ ಅಂದ. ಅದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನ ಆದದ್ದು ಸುಳ್ಳಲ್ಲ.

23 ಫೋನು

ಏಜೆನ್ಸಿಗಳು ಕೇಳುವ ಪ್ರಶ್ನೆಗಳ ಸರಣಿ ಎಲ್ಲ ಕಡೆ ಒಂದೇ. ಡೈರಿಯಲ್ಲಿ ಬರೆದದ್ದು ಹೀಗಿದೆ: ಪೇಷಂಟ್ ಗಂಡಸೋ ಹೆಂಗಸೋ? ತೂಕ ಎಷ್ಟು? ಪೈಪ್ ಹಾಕಿದಾರಾ? ಮಂಚ ಯಾವುದು? ವೆಸ್ಟರ್ನ್ ಕಮೋಡ್ ಇದೆಯಾ? ಕೆಲಸದವರಿಗೆ ಮಲಗಲು ಬೇರೆ ರೂಮ್ ಇದೆಯಾ? ವೆಜ್ಜಾ ನಾನ್‌ವೆಜ್ಜಾ? ಬಸ್ ಸ್ಟಾಪಿಂದ ಎಷ್ಟು ದೂರ? ಮತ್ತೆ ನಾಲ್ಕು ಕಡೆ ಕೇಳಿದ ಕೊನೆಯ ಪ್ರಶ್ನೆ: ನೆಟ್‌ವರ್ಕ್ ಇದೆಯಾ?

ಮೊದಲ ಪ್ರಶ್ನೆಗಳಿಗೆ ನಾನು ಸರಿಯಾಗಿಯೇ ಉತ್ತರ ಕೊಟ್ಟೆ. ಕೊನೆಯ ಮೂರಕ್ಕೆ ನಾಲಗೆ ತೊದಲಿತು. ಬಸ್ಸಿಳಿದು ಎರಡೂವರೆ ಕಿಲೋಮೀಟರ್ ಕಾಡುದಾರಿ. ಮನೆಯಲ್ಲಿ ಮೊಟ್ಟೆಯೂ ಇಲ್ಲ. ನೆಟ್‌ವರ್ಕ್ ಅಂದರೆ ಬಿಎಸ್‌ಎನ್‌ಎಲ್ ಟವರ್, ಕರೆಂಟ್ ಹೋದ ಅರ್ಧ ತಾಸಿಗೆ ಅದೂ ಮಲಗುತ್ತದೆ.

ಮಂಗಳೂರಿನ ಏಜೆನ್ಸಿಯವರು ಊರಿನ ಹೆಸರು ಕೇಳಿದ್ದೇ ಕೈ ಮುಗಿದರು. ಅವರ ಹತ್ತಿರ ಜನರಿದ್ದಾರೆ, ಆದರೆ ಮಂಗಳೂರು-ಉಡುಪಿ ಪೇಟೆ ಬಿಟ್ಟು ಹೊರಗೆ ಕಳಿಸುವಷ್ಟು ಇಲ್ಲ. "ಎರಡು ವರ್ಷ ಕೆಲಸ ಕಲಿತ ಮೇಲೆ ಇಲ್ಲಿ ಯಾರು ಉಂಟು ಮಾರ್ರೆ? ಇಸ್ರೇಲಿಗೆ ಹೋಗ್ತಾರೆ" ಅಂದರು. ಮಾತಿನ ಭರಕ್ಕೆ ಹೇಳಿದ್ದಲ್ಲ. 2023ರ ಅಕ್ಟೋಬರಿನಲ್ಲಿ ಅಲ್ಲಿ ಯುದ್ಧ ಶುರುವಾದಾಗ ಸುಮಾರು 18 ಸಾವಿರ ಭಾರತೀಯರು ಇಸ್ರೇಲಿನಲ್ಲಿದ್ದರು, ಹೆಚ್ಚಿನವರು ಮುದುಕರನ್ನು ನೋಡಿಕೊಳ್ಳುವ ಕೆಲಸದವರು. ಕೇರಳದವರ ಜೊತೆ ನಮ್ಮ ಕರಾವಳಿಯವರೂ ಬಹಳ. ಅದೇ ವರ್ಷದ ಮೇ ತಿಂಗಳಲ್ಲಿ ಎರಡು ದೇಶಗಳ ನಡುವೆ ಆದ ಒಪ್ಪಂದದಲ್ಲಿ 42 ಸಾವಿರ ಕೆಲಸಗಾರರ ಮಾತಿತ್ತು. 34 ಸಾವಿರ ಕಟ್ಟಡ ಕೆಲಸಕ್ಕೆ, 8 ಸಾವಿರ ಆರೈಕೆಗೆ. ಬಂಟ್ವಾಳದ ಕಡೆಯ ಒಬ್ಬಳು ನಮ್ಮ ಮನೆಗೆ ಬರಬೇಕಾದರೆ ಅವಳಿಗೆ ಟೆಲ್ ಅವೀವಿನಲ್ಲಿ ಸಿಗುವ ಸಂಬಳದ ಎದುರು ನಾನು ಹರಾಜು ಕೂಗಬೇಕು.

ಹುಬ್ಬಳ್ಳಿಯವರು ಇನ್ನೂ ನೇರ. "ದವಾಖಾನಿ ಒಳಗ ಬೇಕಂದ್ರ ಈಗಿಂದೀಗ ಕಳಸ್ತೀನ್ರಿ. ಹಳ್ಳಿಗೆ ಅಂದ್ರ ಯಾರೂ ಬರಂಗಿಲ್ರಿ." ಆಸ್ಪತ್ರೆಯಲ್ಲಿ 12 ತಾಸಿನ ಪಾಳಿ. ಮುಗಿದ ಮೇಲೆ ಮೂರ್ನಾಲ್ಕು ಜನ ಕೂಡಿ ಮಾಡಿಕೊಂಡ ಬಾಡಿಗೆ ಖೋಲಿಗೆ ಹೋಗಬಹುದು, ಕಷ್ಟ ಬಂದರೆ ಪಕ್ಕದ ವಾರ್ಡಿನವಳನ್ನು ಕರೆಯಬಹುದು. ಮನೆಯಲ್ಲಿ 24 ತಾಸು, ಒಬ್ಬಳೇ. ಹಾಗಾಗಿ ಈ ಕೆಲಸ ಗೊತ್ತಿರುವ ಹೆಂಗಸರು ಎಲ್ಲಿದ್ದಾರೆ ಅಂತ ನಕ್ಷೆ ಬರೆದರೆ ಅದು ದೊಡ್ಡ ಆಸ್ಪತ್ರೆಗಳ ನಕ್ಷೆಯೇ ಆಗುತ್ತದೆ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು. ಉತ್ತರ ಕನ್ನಡದಲ್ಲಿ ಅಂಥದ್ದು ಇಲ್ಲ ಅನ್ನುವ ಕೂಗು ಹಳೆಯದು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತ ಮೇಲಂತೂ ಜಿಲ್ಲೆಯಿಡೀ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಕೂಗಿತು. ಆಗ ನಾವೆಲ್ಲ ಮಾತಾಡಿದ್ದು ಡಾಕ್ಟರ ಬಗ್ಗೆ, ಐಸಿಯು ಬಗ್ಗೆ. ದೊಡ್ಡ ಆಸ್ಪತ್ರೆ ಇಲ್ಲದ ಜಿಲ್ಲೆಯಲ್ಲಿ ವಾರ್ಡಿನಲ್ಲಿ ನಿಂತು ಕೈ ಪಳಗಿಸಿಕೊಂಡ ಆಯಾಗಳೂ ಇರುವುದಿಲ್ಲ ಅಂತ ನನಗಂತೂ ಹೊಳೆದಿರಲಿಲ್ಲ.

ಗುಮ್ಲಾದ ಹುಡುಗಿ, 11 ದಿನ

ಕೊನೆಗೆ ಬೆಂಗಳೂರಿನ ಒಂದು ಏಜೆನ್ಸಿ ಒಪ್ಪಿತು. ತಿಂಗಳಿಗೆ 27 ಸಾವಿರ, ಒಂದು ತಿಂಗಳದ್ದು ಮುಂಗಡ, ಬಸ್ ಚಾರ್ಜು ನಮ್ಮದು. ರಾತ್ರಿ ಬಸ್ಸಿನಲ್ಲಿ ಬಂದಿಳಿದವಳು 22 ವರ್ಷದ ಹುಡುಗಿ. ಊರು ಜಾರ್ಖಂಡಿನ ಗುಮ್ಲಾ ಜಿಲ್ಲೆ, ಮನೆಮಾತು ಸಾದ್ರಿ, ಹಿಂದಿ ಚೆನ್ನಾಗಿ ಬರುತ್ತದೆ, ಕನ್ನಡದಲ್ಲಿ "ಊಟ", "ಬೇಡ", "ಸ್ವಲ್ಪ" ಮೂರೇ ಮಾತು. ರಾಂಚಿಯಲ್ಲಿ ಮೂರು ತಿಂಗಳ ಕೋರ್ಸ್ ಮಾಡಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಎಂಟು ತಿಂಗಳು ಇದ್ದವಳು.

ಅವಳ ಕೆಲಸ ನೋಡಿ ನಮಗೆ ನಾಚಿಕೆಯಾಯಿತು. ನಾವಿಬ್ಬರೂ ಆಯಿಯ ಕಂಕುಳಿಗೆ, ತೊಡೆಗೆ ಕೈ ಹಾಕಿ ಎಳೆಯುತ್ತಿದ್ದೆವು, ಆಯಿ ಕಿರುಚುತ್ತಿದ್ದಳು. ಈ ಹುಡುಗಿ ಅಪ್ಪನ ಹಳೇ ಪಂಚೆ ಕೇಳಿದಳು. ನಾಲ್ಕು ಮಡಿಕೆ ಮಾಡಿ, ಅರ್ಧ ಸುರುಳಿ ಸುತ್ತಿ, ಆಯಿಯನ್ನು ಒಂದು ಮಗ್ಗುಲಿಗೆ ಸ್ವಲ್ಪವೇ ವಾಲಿಸಿ ಸುರುಳಿಯನ್ನು ಬೆನ್ನಿಗೆ ತಾಗಿಸಿ ಇಟ್ಟಳು; ಆಚೆ ಮಗ್ಗುಲಿಗೆ ವಾಲಿಸಿ ಸುರುಳಿ ಬಿಚ್ಚಿದಳು. ಈಗ ಭುಜದಿಂದ ತೊಡೆಯವರೆಗೆ ಪಂಚೆ ಅಡಿಯಲ್ಲಿದೆ. ನನ್ನನ್ನು ಆ ಕಡೆ ನಿಲ್ಲಿಸಿ, ಪಂಚೆಯ ಅಂಚು ಮೈಗೆ ಹತ್ತಿರವಾಗಿ ಹಿಡಿಯಲು ತೋರಿಸಿ, ಏಕ್ ದೋ ತೀನ್ ಅಂದಳು. 64 ಕೆಜಿಯ ಆಯಿ ಒಂದು ಸದ್ದೂ ಇಲ್ಲದೆ ಮಂಚದ ತಲೆಯ ಕಡೆ ಸರಿದಳು. ಆಮೇಲೆ ಕಾಲುಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕೆಳಗೊಂದು ಮಡಚಿದ ಟವಲ್ಲು. ಹಿಮ್ಮಡಿಗೂ ಹುಣ್ಣಾಗುತ್ತದೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ತೊಂದರೆ ಬೇರೆ ಕಡೆಯಿಂದ ಬಂತು. ಆಯಿ ರಾತ್ರಿ ಎದ್ದು ಹವ್ಯಕ ಭಾಷೆಯಲ್ಲಿ ಏನೋ ಕೇಳುತ್ತಾಳೆ, ಹುಡುಗಿಗೆ ಗೊತ್ತಾಗುವುದಿಲ್ಲ. ಹುಡುಗಿ ಹಿಂದಿಯಲ್ಲಿ ಕೇಳಿದರೆ ಆಯಿ ಬೆಳಿಗ್ಗೆ ನನಗೆ, "ಅದರ ಮಾತು ಯಂಗೆ ತಿಳಿತಿಲ್ಲೆ" ಅನ್ನುತ್ತಾಳೆ. ಅದನ್ನಾದರೂ ಸುಧಾರಿಸಬಹುದಿತ್ತು. ಸಂಜೆ ಏಳಕ್ಕೆ ಅವಳು ಕೊಡೆ ಹಿಡಿದು ಹಿಂದಿನ ಗುಡ್ಡ ಹತ್ತುತ್ತಿದ್ದಳು. ಅಲ್ಲಿ ಒಂದು ಕಡ್ಡಿ ಸಿಗ್ನಲ್ ಬರುತ್ತದೆ, ಊರಿನಲ್ಲಿರುವ ತಮ್ಮನ ಜೊತೆ ಮಾತಾಡಲು. ವಾಪಸ್ಸು ಬಂದು ಜಗಲಿಯಲ್ಲಿ ಕೂತು ಕಾಲಿನ ಉಂಬಳ (ಜಿಗಣೆ) ಕಿತ್ತುಕೊಳ್ಳುತ್ತಿದ್ದಳು. ಆ ವಾರ ಮೂರು ದಿನ ಕರೆಂಟಿರಲಿಲ್ಲ, ಗುಡ್ಡದ ಮೇಲೂ ಸಿಗ್ನಲ್ ಇರಲಿಲ್ಲ. 11ನೇ ದಿನ ಹೋಗುತ್ತೇನೆ ಅಂದಳು. ಜಗಳವಿಲ್ಲ, ಸಿಟ್ಟಿಲ್ಲ. ಹೊರಡುವಾಗ ಕೇಳಿದೆ, ನಿನಗೆಷ್ಟು ಕೊಡುತ್ತಾರೆ ಅಂತ. 16 ಸಾವಿರ. ಉಳಿದ 11 ಸಾವಿರ ಏಜೆನ್ಸಿಗೆ. ಬದಲಿ ಜನ ಕಳಿಸುತ್ತೇವೆ ಅಂದ ಏಜೆನ್ಸಿ ಕಳಿಸಲಿಲ್ಲ, ಮುಂಗಡದಲ್ಲಿ ಉಳಿದದ್ದನ್ನು ಪಡೆಯಲು ಇನ್ನೊಂದು ಎಂಟು ಫೋನು ಬೇಕಾಯಿತು. ಅದನ್ನು ಆ 23ರಲ್ಲಿ ಸೇರಿಸಿಲ್ಲ.

ಗುಮ್ಲಾದಿಂದ ಶಿರಸಿಗೆ ಬರುವಂಥ ದಾರಿ ಯಾಕೆ ಹುಟ್ಟಿತು? 2011ರ ಜನಗಣತಿಯಲ್ಲಿ 60 ದಾಟಿದವರು ಕೇರಳದಲ್ಲಿ ಶೇ. 12.6, ಕರ್ನಾಟಕದಲ್ಲಿ ಶೇ. 9.5, ಜಾರ್ಖಂಡಿನಲ್ಲಿ ಶೇ. 7ರ ಆಸುಪಾಸು. ಮುದುಕರು ಹೆಚ್ಚಾದ ಕಡೆಗೆ ಎಳೆಯರು ಹೆಚ್ಚಿರುವ ಕಡೆಯಿಂದ ಕೈಗಳು ಬರುತ್ತವೆ, ಅಷ್ಟೇ ಲೆಕ್ಕ. ಆದರೆ ನೇರ ಬರುವುದಿಲ್ಲ, ಮಹಾನಗರದ ಮೂಲಕವೇ ಬರಬೇಕು. ತರಬೇತಿ ಯೋಜನೆಗಳ ರಚನೆಯೂ ಹಾಗೇ ಇದೆ. 2014ರಲ್ಲಿ ಶುರುವಾದ ದೀನದಯಾಳ್ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ಹಳ್ಳಿಯ ಹುಡುಗಿಯರಿಗೆ ಕಲಿಸಿದವರು, ಕೆಲಸ ಕೊಡಿಸಿದ ಲೆಕ್ಕವನ್ನೂ ತೋರಿಸಬೇಕು. ಸಂಬಳದ ಚೀಟಿ ಕೊಡುವುದು ಪೇಟೆಯ ಆಸ್ಪತ್ರೆ. ನಮ್ಮ ಮನೆ ಯಾವ ಚೀಟಿ ಕೊಟ್ಟೀತು? 2021ರ ಜೂನಿನಲ್ಲಿ, ಕೋವಿಡ್ ಎರಡನೇ ಅಲೆಯ ಬೆನ್ನಿಗೇ, ಕೇಂದ್ರ ಸರ್ಕಾರ 26 ರಾಜ್ಯಗಳ 111 ಕೇಂದ್ರಗಳಲ್ಲಿ ಒಂದು ಲಕ್ಷ ಜನರಿಗೆ ಆರು ಬಗೆಯ ಆರೋಗ್ಯ ಸಹಾಯಕರ ತರಬೇತಿ ಹಮ್ಮಿಕೊಂಡಿತು. ಅದರಲ್ಲಿ ಮನೆ ಆರೈಕೆಯೂ ಒಂದು. ಕಲಿಸುವುದಕ್ಕೆ ಯೋಜನೆ ಇದೆ. ಕಲಿತವರು ಹಳ್ಳಿಯ ಮನೆಯೊಂದರಲ್ಲಿ ಉಳಿಯುವಂತೆ ಮಾಡುವ ಯೋಜನೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾನಗಲ್ಲಕ್ಕ

ಎರಡನೆಯವರು ಸಿಕ್ಕದ್ದು ಏಜೆನ್ಸಿಯಿಂದ ಅಲ್ಲ, ತೋಟದಿಂದ. ನಮ್ಮ ಕಡೆ ತೋಟದ ಕೆಲಸಕ್ಕೆ ಹಾನಗಲ್ಲ ಸೀಮೆಯ ಜನ ಬರುವುದು ಹೊಸದಲ್ಲ. ಬಸಿಗಾಲುವೆ ತೆಗೆಯಲು ಬಂದಿದ್ದ ಮೇಸ್ತ್ರಿ ಆಯಿಯ ವಿಷಯ ಕೇಳಿ, "ನಮ್ಮ ಅತ್ತಿಗಿ ಅದಾಳ್ರಿ, ದವಾಖಾನ್ಯಾಗ ಒಂಬತ್ತು ವರ್ಷ ಆಯಾ ಆಗಿದ್ದಾಕಿ" ಅಂದ. ನಾಲ್ಕನೇ ದಿನ ಬಂದರು. 46 ವರ್ಷ, ಸರ್ಟಿಫಿಕೇಟ್ ಇಲ್ಲ. ಮೊದಲ ಮಾತೇ ಷರತ್ತು: ತಿಂಗಳಿಗೆ 20 ಸಾವಿರ ನೇರ ಕೈಗೆ, ಹದಿನೈದು ದಿನಕ್ಕೊಮ್ಮೆ ಎರಡು ದಿನ ರಜೆ, ಗೋವಿನಜೋಳ ಮುರಿಯುವಾಗ ನಾಲ್ಕು ದಿನ, ದೀಪಾವಳಿಗೆ ನಾಲ್ಕು ದಿನ.

ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗುವ ಷರತ್ತು ಸಾಧ್ಯವಾದದ್ದು ಬಸ್ಸಿನಿಂದ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಶಕ್ತಿ ಯೋಜನೆ ಬಗ್ಗೆ ನಮ್ಮ ಜಗಲಿಯಲ್ಲಿ ಎಷ್ಟೋ ವಾದ ಆಗಿದೆ, ದೇವಸ್ಥಾನದ ಯಾತ್ರೆಗೆ ಅಂತ ನಾನೂ ನಕ್ಕಿದ್ದೆ. ಅದೇ ಬಸ್ಸು ನಮ್ಮ ಮನೆಗೆ ಒಬ್ಬ ಆರೈಕೆಯವರನ್ನು ತಂದು ಬಿಟ್ಟಿತು, ಉಳಿಸಿಯೂ ಕೊಟ್ಟಿತು. ಅವರೇ ಹೇಳಿದರು, ಮೊದಲು ಹುಬ್ಬಳ್ಳಿಯಲ್ಲಿದ್ದಾಗ ಹೋಗಿಬರುವ ಖರ್ಚಿಗೆ ಹೆದರಿ ಎರಡು ತಿಂಗಳಿಗೊಮ್ಮೆ ಊರು ನೋಡುತ್ತಿದ್ದರಂತೆ.

ಆಯಿಯನ್ನು ಅವರು ಅವ್ವಾರ ಅನ್ನುತ್ತಿದ್ದರು. "ಅವ್ವಾರ, ಮಗ್ಗಲಾ ಬದಲಿ ಮಾಡೂಣ್ರಿ" ಅಂದರೆ ಆಯಿಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧಕ್ಕೆ ಇಬ್ಬರೂ ನಗುತ್ತಿದ್ದರು. ಪಂಚೆಯ ಉಪಾಯ ಇವರಿಗೂ ಗೊತ್ತಿತ್ತು. ಜೊತೆಗೆ ಇನ್ನೊಂದು: ವಾಕರ್ ಹಿಡಿದು ಎದ್ದು ನಿಲ್ಲಲು ಆಯಿ ಹೆದರಿದಾಗ ಮುಂದೆ ನಿಂತು ಎಳೆಯುತ್ತಿರಲಿಲ್ಲ, ಪಕ್ಕದಲ್ಲಿ ನಿಂತು ಸೊಂಟಕ್ಕೆ ಬಿಗಿದ ಪಟ್ಟಿಯನ್ನು ಹಿಂದಿನಿಂದ ಹಿಡಿಯುತ್ತಿದ್ದರು. ಎದುರು ಯಾರಾದರೂ ಇದ್ದರೆ ಮುದುಕರು ಅವರ ಮೇಲೇ ಬೀಳುತ್ತಾರಂತೆ.

ಇಲ್ಲೊಂದು ವಿಷಯ ಮುಚ್ಚಿಟ್ಟರೆ ಪ್ರಕರಣ ಅರ್ಧವಾಗುತ್ತದೆ. ನಮ್ಮ ಮನೆಯಲ್ಲಿ ಅಡುಗೆಮನೆಗೆ ಹೊರಗಿನವರಿಗೆ ಪ್ರವೇಶವಿಲ್ಲ. ಆಯಿಯ ಮೈ ತೊಳೆಯಬಹುದು, ಮಲ ತೆಗೆಯಬಹುದು, ಆದರೆ ಅವಳಿಗೆ ಗಂಜಿ ಬಿಸಿ ಮಾಡಿ ತರುವಂತಿಲ್ಲ. ಮೂರನೇ ದಿನ ಹಾನಗಲ್ಲಕ್ಕ ನನ್ನ ಹೆಂಡತಿಯ ಹತ್ತಿರ ನೇರವಾಗಿ ಕೇಳಿದರು: "ಅಕ್ಕಾರ, ರಾತ್ರಿ ಎರಡಕ್ಕ ಅವ್ವಾರಿಗೆ ಶುಗರ್ ಇಳದ್ರ ನಿಮ್ಮನ್ನ ಎಬ್ಬಿಸಿ ಸಕ್ಕರಿ ನೀರು ಕೇಳಬೇಕನ್ರಿ?" ಅವತ್ತು ಜಗಲಿಗೆ ಒಂದು ಸಣ್ಣ ಒಲೆ, ಸಕ್ಕರೆ ಡಬ್ಬಿ ಬಂತು. ಅಡುಗೆಮನೆ ಹಾಗೇ ಉಳಿಯಿತು. ಅದು ರಾಜಿ, ಪರಿಹಾರವೇನಲ್ಲ. ಏಜೆನ್ಸಿಯವರು ಊರಿನ ಹೆಸರು ಕೇಳುವಾಗ, ಊಟ ಎಲ್ಲಿ ಹಾಕುತ್ತೀರಿ ಅಂತ ಕೇಳುವಾಗ, ಇದನ್ನೇ ಸುತ್ತುಬಳಸಿ ಕೇಳುತ್ತಿದ್ದರು ಅಂತ ಈಗ ಅನಿಸುತ್ತದೆ.

ಡಿಸೆಂಬರ್ ಮೊದಲ ವಾರ ಹೋದರು. ಮಗಳ ಬಾಣಂತನ. ಮೂರು ತಿಂಗಳು ಸಂಬಳವಿಲ್ಲದೆ ಇದೇ ಕೆಲಸ, ತಮ್ಮ ಮನೆಯಲ್ಲಿ.

ಮುನ್ನೂರು ಮೀಟರ್ ದೂರ

ಹೋಗುವ ಮೊದಲು ನಾಲ್ಕು ದಿನ ಅವರು ಇನ್ನೊಬ್ಬರಿಗೆ ಕೆಲಸ ಕಲಿಸಿದರು. ಆ ಇನ್ನೊಬ್ಬರು ನಮ್ಮ ಮನೆಯಿಂದ ಮುನ್ನೂರು ಮೀಟರ್ ದೂರದಲ್ಲಿದ್ದವರು. ಹಾಸಿಗೆ ಹಿಡಿದ ಅತ್ತೆಯನ್ನು ಎರಡು ವರ್ಷ ನೋಡಿಕೊಂಡವರು, ಅತ್ತೆಯ ಬೆನ್ನಿಗೆ ಒಂದು ಹುಣ್ಣೂ ಆಗದ ಹಾಗೆ. ನನ್ನ 23 ಫೋನಿನಲ್ಲಿ ಒಂದೂ ಅವರಿಗೆ ಹೋಗಿರಲಿಲ್ಲ. ಯಾಕೆ? ನಾನು ಹುಡುಕಿದ್ದು ನರ್ಸನ್ನು. ಅವರು ನನ್ನ ಲೆಕ್ಕದಲ್ಲಿ ಅಡಿಕೆ ಸುಲಿಯಲು ಬರುವವರು.

ಕೇಳಿದಾಗ ಅವರು ಒಪ್ಪಿದ್ದೂ ಸುಲಭವಾಗಿ ಅಲ್ಲ. ಡಿಸೆಂಬರ್ ಅಂದರೆ ಅಡಿಕೆಯ ಕೊನೆಕೊಯ್ಲು. ರಾತ್ರಿ ಕೂತು ಸುಲಿದಷ್ಟಕ್ಕೆ ಕಾಸು. ಹತ್ತು ಹೆಂಗಸರು ಒಟ್ಟಿಗೆ ಮಾತಾಡುತ್ತ, ಚಾ ಕುಡಿಯುತ್ತ ಮಾಡುವ ಕೆಲಸ. ಅದನ್ನು ಬಿಟ್ಟು ಒಬ್ಬಳೇ ರೋಗಿಯ ಕೋಣೆಯಲ್ಲಿ ಯಾಕೆ ಕೂರಬೇಕು? ಸುಗ್ಗಿಯ ಮೂರು ತಿಂಗಳು ನಮ್ಮ ಸೀಮೆಯಲ್ಲಿ ಆರೈಕೆಗೆ ಜನ ಸಿಗದಿರಲು ಇದೂ ಒಂದು ಕಾರಣ, ಬೆಂಗಳೂರಿನ ಯಾವ ಏಜೆನ್ಸಿಗೂ ಗೊತ್ತಿಲ್ಲದ ಕಾರಣ. ಕೊನೆಗೆ ಆದ ಒಪ್ಪಂದ ಹೀಗೆ: ಹಗಲು ಎಂಟರಿಂದ ಸಂಜೆ ಐದು, ದಿನಕ್ಕೆ 500, ರಾತ್ರಿ ಸುಲಿತಕ್ಕೆ ಹೋಗಲು ಬಿಡಬೇಕು. ರಾತ್ರಿ ನಾವೇ. ಅಷ್ಟರಲ್ಲಿ ಆಯಿ ವಾಕರ್ ಹಿಡಿದು ತುಳಸಿಕಟ್ಟೆಯವರೆಗೆ ಹೋಗುತ್ತಿದ್ದಳು, ರಾತ್ರಿ ಒಮ್ಮೆ ಎಬ್ಬಿಸಿದರೆ ಸಾಕಿತ್ತು.

ಲೆಕ್ಕದವನಾದ್ದರಿಂದ ಕೊನೆಗೆ ಕೂಡಿಸಿ ನೋಡಿದೆ. ಮೂವರಲ್ಲಿ ಸರ್ಟಿಫಿಕೇಟ್ ಇದ್ದವಳು ಒಬ್ಬಳೇ, ಉಳಿದದ್ದು 11 ದಿನ. ಆಸ್ಪತ್ರೆಯಲ್ಲಿ ನೋಡಿ ಕಲಿತವರು ಎರಡು ತಿಂಗಳಿಗೂ ಮೇಲೆ. ಮನೆಯಲ್ಲಿ ಅತ್ತೆಯನ್ನು ನೋಡುತ್ತ ಕಲಿತವರು ಆಯಿ ಸ್ವಂತ ಕಾಲ ಮೇಲೆ ನಿಲ್ಲುವವರೆಗೆ. ಇದರಿಂದ ತರಬೇತಿ ಬೇಡ ಅನ್ನುವ ತೀರ್ಮಾನಕ್ಕೆ ಬರಬೇಡಿ. ಪಂಚೆಯ ಉಪಾಯ ನಮ್ಮ ಕಣ್ಣೆದುರು ಮೊದಲು ಮಾಡಿ ತೋರಿಸಿದ್ದು ಆ ಹುಡುಗಿಯೇ. ಟವರ್ ಸರಿ ಇದ್ದಿದ್ದರೆ ಅವಳು ಇನ್ನಷ್ಟು ದಿನ ಇರುತ್ತಿದ್ದಳು.

ಈಗ ಫೋನು ನನಗೆ ಬರುತ್ತದೆ. ಸಿದ್ದಾಪುರದಿಂದ, ಯಲ್ಲಾಪುರದಿಂದ, ಒಮ್ಮೆ ಸಾಗರದಿಂದ. "ನಿಮ್ಮ ಹಾನಗಲ್ಲಕ್ಕನ ನಂಬರ್ ಕೊಡ್ತ್ರಾ?" ಕೊಡುವ ಮೊದಲು ಅವರನ್ನು ಕೇಳುತ್ತೇನೆ. ಹೋದ ವಾರವೂ ಕೇಳಿದೆ. ಪೇಷಂಟಿನ ತೂಕ ಎಷ್ಟು ಅಂದರು, ಹೇಳಿದೆ. ಬಸ್ ಸ್ಟಾಪ್ ಎಷ್ಟು ದೂರ ಅಂದರು, ಹೇಳಿದೆ. ಮೊಮ್ಮಗು ಹಿಂದೆ ಅಳುತ್ತಿತ್ತು. "ಎಲ್ಲಾ ಖರೇ ಅಣ್ಣಾರ, ಆ ಮನ್ಯಾಗ ನೆಟ್‌ವರ್ಕ್ ಐತೇನು, ಮೊದಲ ಕೇಳ್ರಿ."